ಹಾಕಿ ಹಾಕಿ ಅಂದರೆ ಯಾವ ಹಾಕಿ ಹಾಕುವುದು?

ದುಬೈ ವಿಮಾನ ನಿಲ್ದಾಣ

ನನ್ನ ಸೂಟ್‌ಕೇಸಿನೊಳಗೆ ಕುಚ್ಚಲಕ್ಕಿ, ಒಣ ಸಿಗಡಿ ಚಟ್ನಿ, ತಮ್ಮನ ಹೆಂಡತಿ ಲವೀನಾ ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಟ್ಟ ಮೀನಿನ ಉಪ್ಪಿನಕಾಯಿ ಎಲ್ಲ ಇತ್ತು. ಕಸ್ಟಮ್ಸಿನ ಹೆಂಗಸಿಗೆ ಅದ್ಯಾವುದರ ವಾಸನೆಯೂ ಬಡಿಯಲಿಲ್ಲ. ಸೂಟ್‌ಕೇಸಿಗೆ ಹಗ್ಗದಲ್ಲಿ ಬಿಗಿದಿದ್ದ ನನ್ನ ಹಾಕಿ ಸ್ಟಿಕ್ ಮಾತ್ರ ಕಣ್ಣಿಗೆ ಬಿತ್ತು.

"ಏನಿದು?" ಅಂದಳು ಇಂಗ್ಲಿಷಿನಲ್ಲಿ.

"ಹಾಕಿ."

"ಐಸ್ ಹಾಕಿ?"

"ಐಸೂ ಇಲ್ಲ, ಕ್ರೀಮೂ ಇಲ್ಲ. ಹಾಕಿ."

ಅವಳು ನಗಲಿಲ್ಲ. ಸ್ಟಿಕ್ಕನ್ನು ತಿರುಗಿಸಿ, ತಟ್ಟಿ, ಕೊನೆಗೆ ಅರವತ್ತರ ಗಡಿಯಲ್ಲಿರುವ ಈ ಮುದುಕಿಯಿಂದ ದೇಶಕ್ಕೆ ಅಪಾಯವಿಲ್ಲ ಎಂದು ತೀರ್ಮಾನಿಸಿ ಬಿಟ್ಟುಬಿಟ್ಟಳು. ಮುಂದೆ ನಾನು ಮಾಡಿದ ಘನಕಾರ್ಯ ನೋಡಿದ್ದರೆ ಅಲ್ಲಿಂದಲೇ ವಾಪಸ್ ಕಳಿಸುತ್ತಿದ್ದಳೇನೋ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ಐರಿನ್. ಮಂಗಳೂರಿನ ಒಂದು ಕಾನ್ವೆಂಟಿನಲ್ಲಿ ಮೂವತ್ತೊಂದು ವರ್ಷ ಪೀಟಿ ಟೀಚರ್. ಹೆಣ್ಣುಮಕ್ಕಳಿಗೆ ಹಾಕಿ ಕಲಿಸಿದೆ. ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಎಂದು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ, ಆದ್ದರಿಂದ ಯಾರೂ ನೋಡಲು ಬರುವುದಿಲ್ಲ. ನಮ್ಮ ಹುಡುಗಿಯರು ಜಿಲ್ಲಾ ಫೈನಲ್ ಆಡಿದ ದಿನ ಮೈದಾನದ ಸುತ್ತ ಏಳು ಪ್ರೇಕ್ಷಕರಿದ್ದರು, ಅದರಲ್ಲಿ ಎರಡು ಆಡು. ಹಾಗಿರುವಾಗ ಅಬುಧಾಬಿಯ ಹೋಟೆಲಿನಲ್ಲಿ ಕೆಲಸ ಮಾಡುವ ನನ್ನ ತಮ್ಮ ವಾಲ್ಟರ್ ಫೋನಿನಲ್ಲಿ, "ಬಾಯ್, ಮೇ ತಿಂಗಳಲ್ಲಿ ನಮ್ಮ ಹೋಟೆಲಿನಲ್ಲಿ ಇಂಟರ್‌ನ್ಯಾಷನಲ್ ಹಾಕಿ ಟೂರ್ನಮೆಂಟ್ ದೊಡ್ಡ ಸ್ಕ್ರೀನಿನಲ್ಲಿ ಹಾಕ್ತಾರೆ. ಯುರೋಪಿನವರು ಇನ್ನೂರು ಜನ ಬರ್ತಾರೆ. ನೀನೂ ಬಾ, ಸ್ಟಿಕ್ ತಾ" ಎಂದಾಗ ನನಗೆ ಕಣ್ಣು ತುಂಬಿತು. ನಮ್ಮ ಮನೆಮಾತು ಕೊಂಕಣಿ, ಅಕ್ಕನಿಗೆ ಬಾಯ್ ಎನ್ನುತ್ತೇವೆ. ಹಾಕಿ ನೋಡಲು ಇನ್ನೂರು ಜನ! ಕೂಡಲೇ ವಿಸಿಟ್ ವೀಸಾಕ್ಕೆ ಕಾಗದಪತ್ರ ಕೊಟ್ಟೆ.

ಮಾಲಿನೊಳಗಿನ ಚಳಿಗಾಲ

ಅಬುಧಾಬಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ವಾಲ್ಟರ್ ನನ್ನನ್ನು ಒಂದು ಮಾಲಿಗೆ ಕರೆದುಕೊಂಡು ಹೋದ. ಹೊರಗೆ ಕಾದ ದೋಸೆಕಲ್ಲಿನ ಮೇಲೆ ನಡೆದಂತಿತ್ತು. ಒಳಗೆ ಹೋದರೆ ನಡುಕ. ಮರುಭೂಮಿಯ ನಡುವೆ ಕೋಟೆ ಕಟ್ಟಿ, ಅದರೊಳಗೆ ಒಂದು ಕೆರೆಯಷ್ಟು ನೀರನ್ನು ಗಡ್ಡೆ ಕಟ್ಟಿಸಿ ಇಟ್ಟಿದ್ದರು. ನಮ್ಮೂರಿನಲ್ಲಿ ಮೇ ತಿಂಗಳು ನಲ್ಲಿಯಲ್ಲಿ ನೀರು ಬಂದರೆ ಬಕೆಟ್ ಹಿಡಿದು ಓಡುತ್ತೇವೆ. ಇಲ್ಲಿ ಅದರ ಮೇಲೆ ಜಾರುತ್ತಾರೆ.

ಬಿಳಿ ಮಕ್ಕಳು ಹಾಸಿಗೆಯನ್ನೇ ಮೈಗೆ ಸುತ್ತಿಕೊಂಡ ಹಾಗೆ ದಪ್ಪ ಬಟ್ಟೆ ತೊಟ್ಟು, ಕೈಯಲ್ಲಿ ಉದ್ದ ಕೋಲು ಹಿಡಿದು, ಒಂದು ಕಪ್ಪು ಬಿಲ್ಲೆಯ ಹಿಂದೆ ಬಿದ್ದಿದ್ದರು. ಗಾಜಿನಾಚೆ ಒಬ್ಬ ತಾಯಿ ಎರಡೂ ಕೈಯಿಂದ ಗಾಜು ಬಡಿದು ಕಿರುಚುತ್ತಿದ್ದಳು. ಪಕ್ಕದಲ್ಲಿ ಅವಳ ಗಂಡ ಉಣ್ಣೆ ಟೋಪಿ ಹಾಕಿಕೊಂಡು ನಿಂತಿದ್ದ. ದುಬೈಯಲ್ಲಿ, ಮೇ ತಿಂಗಳಲ್ಲಿ, ಉಣ್ಣೆ ಟೋಪಿ!

"ಇದು ಎಂತ ಆಟ?" ಎಂದೆ.

"ಐಸ್ ಹಾಕಿ ಬಾಯ್. ಇದು ಬೇರೆ. ನಮ್ಮಲ್ಲಿ ಶುಕ್ರವಾರ ಇರುವುದು ಒರಿಜಿನಲ್."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದೇವರು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಲೈಟು ಹಾಕಿ ತೋರಿಸಿದರೂ ಕಾಣದವರಿಗೆ ಏನು ಮಾಡಲಿಕ್ಕಾಗುತ್ತದೆ?

ಟೂರಿಸ್ಟ್ ಕ್ಲಬ್ ಏರಿಯಾ

ಅಬುಧಾಬಿಯ ಈ ಕೇರಿಗೆ ಟೂರಿಸ್ಟ್ ಕ್ಲಬ್ ಎಂದು ಯಾರು ಹೆಸರಿಟ್ಟರೋ. ನನಗೆ ಟೂರಿಸ್ಟೂ ಕಾಣಲಿಲ್ಲ, ಕ್ಲಬ್ಬೂ ಕಾಣಲಿಲ್ಲ. ಕಟ್ಟಡಕ್ಕೆ ಕಟ್ಟಡ ಅಂಟಿಕೊಂಡಿತ್ತು. ಪ್ರತಿ ಕಿಟಕಿಯಲ್ಲೂ ಒಣಗುವ ಯೂನಿಫಾರ್ಮ್, ಕೆಳಗೆ ಮಲಯಾಳಿ ಚಹಾದಂಗಡಿ. ನಾನು ಉಳಿದದ್ದು ನನ್ನ ಹಳೆಯ ಶಿಷ್ಯೆ, ನರ್ಸ್ ಜೆಸಿಂತಾಳ ಮನೆಯಲ್ಲಿ. ವಾಲ್ಟರನ ಸ್ಟಾಫ್ ರೂಮಿನಲ್ಲಿ ಅಕ್ಕನಿಗೆ ಜಾಗವಿರಲಿ, ಅವನ ಕಾಲಿಗೇ ಜಾಗವಿರಲಿಲ್ಲ. ಒಂದು ಕೋಣೆಯಲ್ಲಿ ಆರು ಜನ, ಒಂದರ ಮೇಲೊಂದು ಕಬ್ಬಿಣದ ಮಂಚ, ಇವನದು ಮೇಲಿನದು. ಊರಿನಲ್ಲಿರುವ ಅವನ ಐದು ವರ್ಷದ ಮಗಳು ಶೆರಲ್ ಆ ಫೋಟೋ ನೋಡಿ, ಪಪ್ಪ ಟ್ರೈನಿನಲ್ಲಿ ವಾಸ ಮಾಡುವುದು ಎಂದು ನಂಬಿದ್ದಾಳೆ. ಫೋನಿನಲ್ಲಿ ಯಾವಾಗಲೂ ಒಂದೇ ಪ್ರಶ್ನೆ: "ಪಪ್ಪಾ, ವೆನ್ ವಿಲ್ ಯುವರ್ ಟ್ರೈನ್ ಸ್ಟಾಪ್?"

ಅವಳು ಹುಟ್ಟಿದ ಮೇಲೆ ಇವನು ಊರಿಗೆ ಬಂದದ್ದು ಎರಡು ಸಲ. ಹೆಂಡತಿ ಮಗಳನ್ನು ಕರೆಸಿಕೊಳ್ಳಬೇಕಾದರೆ ಇಲ್ಲಿ 'ಫ್ಯಾಮಿಲಿ ಸ್ಟೇಟಸ್' ಎಂಬ ಪದವಿ ಬೇಕು. ಅದು ಇವನಂಥ ವೇಟರುಗಳಿಗೆ ಸಿಗುವುದಿಲ್ಲ, ಸೂಪರ್‌ವೈಸರ್ ಆದರೆ ಸಿಗುತ್ತದೆ. ಹೋಟೆಲಿನ ಜನರಲ್ ಮ್ಯಾನೇಜರು ಒಂದು ಚೀಟಿ ಕೊಟ್ಟು, "ವಾಲ್ಟರ್, ಈ ಹಾಕಿ ಕಾರ್ಯಕ್ರಮ ಪೂರ್ತಿ ನಿನ್ನದು. ಚೆನ್ನಾಗಿ ನಡೆದರೆ ಮಾತಾಡೋಣ" ಎಂದಿದ್ದರು. ಚೀಟಿಯಲ್ಲಿದ್ದದ್ದು ಇಷ್ಟೇ: ಹಾಕಿ, ಶುಕ್ರವಾರ, ದೊಡ್ಡ ಹಾಲ್. ಅವರೂ ಯುರೋಪಿನವರು. ಹಾಕಿ ಎಂದರೆ ಯಾವುದು ಎಂದು ಬರೆಯುವುದು, ಅನ್ನ ಎಂದರೆ ಅಕ್ಕಿಯದ್ದು ಎಂದು ಬರೆದ ಹಾಗೆ ಅವರಿಗೆ.

ಟೇಬಲ್ ಕಾದಿರಿಸಿದ ಇಲ್ಲಿನ ಕಂಪನಿಗಳ ಎಂಜಿನಿಯರುಗಳ ಪಟ್ಟಿ ನೋಡಿದೆ. ಫಿನ್ಲೆಂಡ್, ಸ್ಲೊವಾಕಿಯಾ, ಲಾಟ್ವಿಯಾ. ಫಿನ್ಲೆಂಡಿನವರು ಯಾವಾಗ ಹಾಕಿ ಆಡಿದರಪ್ಪ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಮುಂದುವರಿದ ದೇಶ, ಕಲಿತಿರಬಹುದು ಎಂದುಕೊಂಡೆ. ಇದನ್ನೇ ನಾವು ಅನುಭವ ಎನ್ನುವುದು.

ಡಿಶ್ ಡಬ್ಬಿಗೆ ಹಾಕುವ ಚಾನೆಲ್ಲಿನ ಕಾರ್ಡು ತರಲು ಇರ್ಫಾನ್ ಸಾಹೇಬರ ಅಂಗಡಿಗೆ ಹೋದೆವು. ಭಟ್ಕಳದವರು, ಟೀವಿ ಮತ್ತು ಡಿಶ್ ವ್ಯಾಪಾರ. ಮನೆಯಲ್ಲಿ ನವಾಯತಿ ಮಾತು, ಅಂಗಡಿಯಲ್ಲಿ ಅರಬ್ಬಿ, ಹಿಂದಿ, ಇಂಗ್ಲಿಷು. ಕನ್ನಡ ಕೇಳಿದ ಕೂಡಲೇ ನಮಗೆ ಸುಲೈಮಾನಿ ಚಹಾ ತರಿಸಿದರು.

"ಹಾಕಿ ಚಾನೆಲ್ ಬೇಕು ಸಾಹೇಬ್ರೇ" ಎಂದ ವಾಲ್ಟರ್.

"ಯಾವ ಹಾಕಿ? ನಮ್ಮಲ್ಲಿ ಎರಡು ಕಾರ್ಡ್ ಉಂಟು" ಎಂದರು ಸಾಹೇಬರು, ಪಾಪ, ಸರಿಯಾಗಿಯೇ.

ವಾಲ್ಟರ್ ನನ್ನ ಮುಖ ನೋಡಿದ. ನನಗೆ ಪಿತ್ತ ನೆತ್ತಿಗೇರಿತು. "ಹಾಕಿಯಲ್ಲಿ ಎರಡು ಉಂಟಾ? ಮೂವತ್ತೊಂದು ವರ್ಷ ಕಲಿಸಿದ್ದೇನೆ, ನನಗೆ ಗೊತ್ತಿಲ್ಲದ ಹಾಕಿ ಯಾವುದು? ಸುಮ್ನೆ ಹಾಕಿ ಹಾಕಿ ಸಾಹೇಬ್ರೇ!"

"ಹಾಕಿ ಹಾಕಿ ಅಂದರೆ ಯಾವ ಹಾಕಿ ಹಾಕುವುದು ಟೀಚರಮ್ಮಾ?"

"ಹುಲ್ಲಿನ ಮೇಲೆ ಆಡುವ ಹಾಕಿ! ಮತ್ತೆ ಎಂತ, ಪಾಯಸದ ಮೇಲೆ ಆಡ್ತಾರಾ?"

"ಖಲಾಸ್" ಎಂದು ಸಾಹೇಬರು ಕಾರ್ಡು ಕೊಟ್ಟರು. ಭಟ್ಕಳದ ವ್ಯಾಪಾರಿ ಗಿರಾಕಿಯ ಹತ್ತಿರ ಎರಡು ಸಲ ವಾದ ಮಾಡುವುದಿಲ್ಲ.

ಶುಕ್ರವಾರ

ಸಂಜೆ ಆರೂವರೆಗೆ ಹಾಲ್ ತುಂಬಿತು. ಎಂಥ ಜನ ಅಂತೀರಿ! ಲಾಟ್ವಿಯಾದವರು ಡೋಲು ತಂದಿದ್ದರು. ಸ್ಲೊವಾಕಿಯಾದ ಒಬ್ಬಾಕೆ ಗಂಡನ ಬೋಳುತಲೆಯ ಮೇಲೆ ತಮ್ಮ ದೇಶದ ಬಾವುಟ ಬರೆಯುತ್ತಿದ್ದಳು, ಆತ ಕ್ಷೌರದಂಗಡಿಯಲ್ಲಿ ಕೂತವನ ಹಾಗೆ ತಾಳ್ಮೆಯಿಂದ ತಲೆ ಕೊಟ್ಟಿದ್ದ. ಇನ್ನೊಬ್ಬ ನಾವು ದನದ ಕುತ್ತಿಗೆಗೆ ಕಟ್ಟುವ ಗಂಟೆಯನ್ನು ತನ್ನ ಕುತ್ತಿಗೆಗೆ ಕಟ್ಟಿಕೊಂಡು ಬಂದಿದ್ದ. ಫಿನ್ಲೆಂಡಿನವರು ಮಾತ್ರ ಒಬ್ಬರ ಪಕ್ಕ ಒಬ್ಬರು ಕೂರದೆ, ನಡುವೆ ಒಂದೊಂದು ಕುರ್ಚಿ ಬಿಟ್ಟು, ಸಾವಿನ ಮನೆಗೆ ಬಂದವರಂತೆ ಸುಮ್ಮನಿದ್ದರು. ಅದು ಅವರ ಉತ್ಸಾಹವಂತೆ.

ನನ್ನ ಪಕ್ಕ ಕೂತವರು ಪೆಕ್ಕ ಎಂಬ ಫಿನ್ಲೆಂಡಿನ ಹಿರಿಯರು. ಪ್ರತಿ ವರ್ಷ ಈ ಟೂರ್ನಮೆಂಟು ಬೇರೆ ಬೇರೆ ದೇಶದಲ್ಲಿ ನಡೆಯುತ್ತದಂತೆ. ಸಾವಿರಾರು ಜನ ವರ್ಷದ ರಜೆಯನ್ನೆಲ್ಲ ಆ ಎರಡು ವಾರಕ್ಕೆಂದು ಕೂಡಿಟ್ಟು, ಬಸ್ಸು ಮಾಡಿಕೊಂಡು, ಹಡಗು ಹತ್ತಿಕೊಂಡು ತಂಡದ ಹಿಂದೆ ಹೋಗುತ್ತಾರಂತೆ. ಹೀಗೆ ಹೋಗಿದ್ದರಿಂದ ಪೆಕ್ಕ ತಮ್ಮ ತಂಗಿಯ ಮದುವೆಗೇ ಹೋಗಿರಲಿಲ್ಲ.

"ತಂಗಿ ಏನೂ ಹೇಳಲಿಲ್ಲವೇ?"

"ಅವಳೂ ಮದುವೆಯ ನಡುವೆ ರೇಡಿಯೋ ಕೇಳುತ್ತಿದ್ದಳು."

ವಾಲ್ಟರ್ ರಜೆ ಕೂಡಿಡುವುದು ಮಗಳ ಮುಖ ನೋಡಲಿಕ್ಕೆ. ಇವರು ಕೂಡಿಡುವುದು ಹಾಕಿ ನೋಡಲಿಕ್ಕೆ. ನನಗೆ ಸಿಟ್ಟೂ ಬಂತು, ಹೊಟ್ಟೆಕಿಚ್ಚೂ ಆಯಿತು. ನಮ್ಮ ಆಟಕ್ಕೆ ಇಂಥ ಹುಚ್ಚರು ಸಿಕ್ಕಿದ್ದರೆ ನನ್ನ ಹುಡುಗಿಯರು ಎಲ್ಲಿರುತ್ತಿದ್ದರು!

ಆರೂಮುಕ್ಕಾಲಿಗೆ ವಾಲ್ಟರ್ ಹೊಸ ಕೋಟು ಹಾಕಿಕೊಂಡು ಬಂದು ರಿಮೋಟ್ ಒತ್ತಿದ. ಡೋಲು ಮೊಳಗಿತು, ಗಂಟೆ ಅಲ್ಲಾಡಿತು, ಪರದೆ ಬೆಳಗಿತು.

ಹಸಿರು. ಉದ್ದಕ್ಕೂ ಹಸಿರು ಮೈದಾನ, ಚಡ್ಡಿ ತೊಟ್ಟ ಹುಡುಗರು, ಬಿಳಿ ಚೆಂಡು. ಎಂಥ ಚಂದದ ಪೆನಾಲ್ಟಿ ಕಾರ್ನರ್! ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಇಡೀ ಹಾಲಿನಲ್ಲಿ ಕೇಳಿದ್ದು ನನ್ನ ಚಪ್ಪಾಳೆ ಮಾತ್ರ.

ಪೆಕ್ಕ ನಿಧಾನವಾಗಿ ಹೇಳಿದರು: "ಮೇಡಂ, ಇದು ಫೀಲ್ಡ್ ಹಾಕಿ. ನಾವು ಬಂದದ್ದು ಹಾಕಿಗೆ."

ನನ್ನ ಜೀವಮಾನದ ಆಟಕ್ಕೆ ಬೇರೊಂದು ಪದ ಅಂಟಿಸಿ ಆತ ಅತ್ತ ಸರಿಸಿಬಿಟ್ಟ. ಅವರದ್ದು ಬರೀ ಹಾಕಿ, ನಮ್ಮದು ಫೀಲ್ಡ್ ಹಾಕಿ! ಮೈಯೆಲ್ಲ ಉರಿಯಿತು. "ಏನ್ರೀ, ಹಾಕಿ ಅಂದರೆ ಇದೇ. ನಿಮ್ಮದಕ್ಕೆ ಬೇಕಾದರೆ ಐಸ್ ಅಂತ ಸೇರಿಸಿಕೊಳ್ಳಿ" ಎನ್ನುವಷ್ಟರಲ್ಲಿ ನನ್ನ ನಾಲಿಗೆ ಅಲ್ಲೇ ನಿಂತಿತು. ಮಾಲಿನ ಗಾಜು, ಕಪ್ಪು ಬಿಲ್ಲೆ, ಉಣ್ಣೆ ಟೋಪಿ, ಸಾಹೇಬರ ಎರಡು ಕಾರ್ಡು, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಸಿಳ್ಳೆ ಶುರುವಾಯಿತು. ಕೆಲವರು ಬ್ಯಾಗು ಎತ್ತಿಕೊಂಡರು. ಜನರಲ್ ಮ್ಯಾನೇಜರು ವಾಲ್ಟರನ ಎದುರು ನಿಂತು, ಎಲ್ಲರಿಗೂ ಕೇಳುವ ಹಾಗೆ, "ಹಾಕಿ ಅಂದರೆ ಏನೆಂದೇ ನಿನಗೆ ಗೊತ್ತಿಲ್ಲವೇ?" ಎಂದರು.

ವಾಲ್ಟರನ ಮುಖ ಬಿಳುಚಿಕೊಂಡಿತ್ತು. ಅಕ್ಕ ಹೇಳಿದ್ದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಏಳು ವರ್ಷದವನಿದ್ದಾಗ ತೆಂಗಿನ ಮಡಲಿನ ದಿಂಡನ್ನೇ ಸ್ಟಿಕ್ ಮಾಡಿ ಅವನಿಗೆ ಹಾಕಿ ಕಲಿಸಿದವಳು ನಾನೇ. ಜಗತ್ತಿನಲ್ಲಿ ಒಂದೇ ಹಾಕಿ ಎಂದು ತಲೆಗೆ ತುಂಬಿದವಳೂ ನಾನೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಲ್ಲಿ ಚೆಲ್ಲಾಟದ ಬೆಕ್ಕು ನಾನಾಗಿದ್ದೆ.

ನಾನು ಮುಂದೆ ಹೋಗಿ ನಿಂತೆ.

"ಸರ್, ತಪ್ಪು ನನ್ನದು. ಅವನು ಕೇಳಿದ, ತಪ್ಪು ಕಾರ್ಡು ಕೊಡಿಸಿದವಳು ನಾನು." ಪರದೆಯ ಹಸಿರಿನತ್ತ ಕೈ ತೋರಿಸಿ ಹೇಳಿದೆ: "ಇವರದ್ದು ಹಾಕಿ. ನಮ್ಮದು... ಫೀಲ್ಡ್ ಹಾಕಿ."

ಮೂವತ್ತೊಂದು ವರ್ಷದ ಹೆಮ್ಮೆಯನ್ನು ಒಂದು ಗುಟುಕಿನಲ್ಲಿ ನುಂಗುವುದು ಹರಳೆಣ್ಣೆ ಕುಡಿದಷ್ಟೇ ಸುಲಭ.

ಸ್ನಾನದ ತೊಟ್ಟಿಯ ಬಿರಡೆ

ವಾಲ್ಟರ್ ಸಾಹೇಬರಿಗೆ ಫೋನು ಮಾಡಿದ. "ಮಗ್ರಿಬ್ ನಮಾಜ್ ಹತ್ತಿರ ಬಂತು, ಮುಗಿಸಿ ಇನ್ನೊಂದು ಕಾರ್ಡ್ ತರ್ತೇನೆ, ಮುಕ್ಕಾಲು ಗಂಟೆ. ಟೀಚರಮ್ಮನಿಗೆ ಹೇಳು, ಪಾಯಸದ ಮೇಲೂ ಆಡ್ತಾರೆ ಅಂತ" ಎಂದರಂತೆ.

ಮುಕ್ಕಾಲು ಗಂಟೆ! ಒಂದು ಹಾಲ್ ತುಂಬ ಕೆರಳಿದ ಜನರನ್ನು ಮುಕ್ಕಾಲು ಗಂಟೆ ಹಿಡಿದಿಡುವುದು ಹೇಗೆ? ನನಗೆ ಗೊತ್ತಿರುವುದು ಒಂದೇ ವಿದ್ಯೆ. ಮಳೆ ಬಂದು ಮೈದಾನ ಕೆಸರಾದ ದಿನ ಎಂಬತ್ತು ಹುಡುಗಿಯರನ್ನು ಶಾಲೆಯ ಹಾಲಿನಲ್ಲಿ ಸಂಭಾಳಿಸಿದ ವಿದ್ಯೆ. ಪರ್ಸಿನಲ್ಲಿ ಕೀಲಿಕೈ ಗೊಂಚಲಿಗೆ ಸಿಕ್ಕಿಸಿದ್ದ ಹಳೆಯ ವಿಸಿಲ್ ತೆಗೆದು ಊದಿದೆ. ಯುರೋಪಿನ ದೊಡ್ಡ ದೊಡ್ಡ ಎಂಜಿನಿಯರುಗಳು ನಾಲ್ಕನೇ ಕ್ಲಾಸಿನ ಮಕ್ಕಳಂತೆ ನಿಂತಲ್ಲೇ ನಿಂತರು.

"ವಾಲ್ಟರ್, ಹೌಸ್‌ಕೀಪಿಂಗಿನಿಂದ ಮಾಪ್ ತರಿಸು. ಹತ್ತು."

"ಬಾಯ್, ನಿನಗೆ ಮಂಡೆ ಸರಿ ಉಂಟಾ? ಇದ್ದ ಕೆಲಸವೂ ಹೋಗ್ತದೆ!"

"ಅದು ಆಗಲೇ ಹೋಗಿದೆ ಮಾರಾಯ. ಯಲ್ಲಾ, ಓಡು" ಎಂದೆ, ಇಲ್ಲಿ ಕಲಿತ ಅರಬ್ಬಿಯಲ್ಲಿ.

ನೃತ್ಯಕ್ಕೆಂದು ನಯಗೊಳಿಸಿದ ಮರದ ನೆಲ ಹಾಲಿನ ನಡುವೆ ಇತ್ತು. ಆಚೆ ಎರಡು ಕುರ್ಚಿ, ಈಚೆ ಎರಡು ಕುರ್ಚಿ, ಗೋಲು ತಯಾರು. ಬಿಲ್ಲೆಗೆ ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗ ಒಬ್ಬ ನೇಪಾಳಿ ಹೌಸ್‌ಕೀಪಿಂಗಿನಾತ ಖಾಲಿ ರೂಮಿನಿಂದ ಸ್ನಾನದ ತೊಟ್ಟಿಯ ರಬ್ಬರ್ ಬಿರಡೆ ಕಿತ್ತು ತಂದುಕೊಟ್ಟ. ಕಪ್ಪಗೆ, ಗುಂಡಗೆ, ಚಪ್ಪಟೆಯಾಗಿ, ಆ ಕೆಲಸಕ್ಕೆಂದೇ ಹುಟ್ಟಿದ ಹಾಗಿತ್ತು.

"ಫಿನ್ಲೆಂಡ್ ಐದು, ಸ್ಲೊವಾಕಿಯಾ ಐದು. ಬೂಟು ಬಿಚ್ಚಿ, ಸಾಕ್ಸಿನಲ್ಲಿ ಬನ್ನಿ!"

ಸಾಕ್ಸು ತೊಟ್ಟ ದಢೂತಿ ಗಂಡಸರು ಮಾಪ್ ಹಿಡಿದು ಜಾರುವುದನ್ನು ನೋಡದಿದ್ದವನ ಜನ್ಮ ವ್ಯರ್ಥ. ಬಾವುಟದ ಬೋಳುತಲೆಯಾತ ಜಾರಿದವನು ಜಾರಿ ಜಾರಿ ಜನರಲ್ ಮ್ಯಾನೇಜರರ ಕಾಲಬುಡದಲ್ಲಿ ನಿಂತ. ಡೋಲು ಶುರುವಾಯಿತು. ಬ್ಯಾಗು ಎತ್ತಿಕೊಂಡವರು ಕೆಳಗಿಟ್ಟರು. ಸಾವಿನ ಮನೆಯಂತಿದ್ದ ಫಿನ್ಲೆಂಡಿನವರು ಕುರ್ಚಿಯ ಮೇಲೆ ಹತ್ತಿ ನಿಂತು ಕೂಗುತ್ತಿದ್ದರು. ಅಷ್ಟು ದನಿ ಆ ದೇಶದಲ್ಲಿ ಇದೆಯೆಂದು ಅವರಿಗೂ ಗೊತ್ತಿರಲಿಲ್ಲವೇನೋ.

ಪೆಕ್ಕ ಒಬ್ಬನ ಕಾಲಿಗೆ ಮಾಪ್ ಕೊಟ್ಟು ಬೀಳಿಸಿದರು. ನಾನು ವಿಸಿಲ್ ಊದಿ, ಟೇಬಲ್ ಮೇಲಿದ್ದ ಹಸಿರು ನ್ಯಾಪ್ಕಿನ್ ಎತ್ತಿ ತೋರಿಸಿ, "ಎರಡು ನಿಮಿಷ ಹೊರಗೆ!" ಎಂದೆ. ಹಾಲ್ ಒಮ್ಮೆಲೇ ಹೋ ಎಂದಿತು.

"ನಮ್ಮ ನಿಯಮ ನಿಮಗೆ ಹೇಗೆ ಗೊತ್ತು?" ಎಂದರು ಪೆಕ್ಕ, ಬೆವರು ಒರೆಸಿಕೊಳ್ಳುತ್ತ.

"ನಿಮ್ಮದಲ್ಲ, ನಮ್ಮದು. ಹಸಿರು ಕಾರ್ಡಿಗೆ ಎರಡು ನಿಮಿಷ."

"ನಮ್ಮಲ್ಲೂ ಎರಡೇ ನಿಮಿಷ" ಎಂದು ಅವರು ಮಗುವಿನ ಹಾಗೆ ನಕ್ಕು ಹೊರಗೆ ಹೋಗಿ ಕೂತರು. ಹಟಕ್ಕೆ ಬಿದ್ದು ಜಗಳ ಆಡಿದ ಎರಡೂ ಆಟದಲ್ಲಿ ಕಾಲಿಗೆ ಹೊಡೆದವನಿಗೆ ಒಂದೇ ಶಿಕ್ಷೆ.

ಸಾಹೇಬರು ಏದುಸಿರು ಬಿಡುತ್ತ ಕಾರ್ಡು ತಂದು ಹಾಕಿದಾಗ ಎರಡೂ ಕಡೆ ಮೂರು ಮೂರು ಗೋಲು ಆಗಿತ್ತು. ಪರದೆಯ ಮೇಲೆ ಬೆಳ್ಳಗೆ ಐಸು ಕಂಡಿತು, ನಿಜವಾದ ಫಿನ್ಲೆಂಡು ನಿಜವಾದ ಸ್ಲೊವಾಕಿಯಾದೊಂದಿಗೆ ಆಡುತ್ತಿತ್ತು. ಒಬ್ಬರೂ ತಿರುಗಿ ನೋಡಲಿಲ್ಲ. ಜನರಲ್ ಮ್ಯಾನೇಜರೇ ಮೊಬೈಲು ಎತ್ತಿ ಫೋಟೋ ತೆಗೆಯುತ್ತ, "ಒಂದು ನಿಮಿಷ, ಇದು ಮುಗಿಯಲಿ" ಎಂದರು.

"ಟೀಚರಮ್ಮಾ, ಸಿಟ್ಟು ಮಾಡಬೇಡಿ. ಈಗ ಕೇಳ್ತೇನೆ" ಎಂದರು ಸಾಹೇಬರು ನನ್ನ ಕಿವಿಯ ಹತ್ತಿರ. "ಇದು ಯಾವ ಹಾಕಿ?"

"ತಪ್ಪಾಯ್ತು ಸಾಹೇಬ್ರೇ, ಹೊಟ್ಟೆಗೆ ಹಾಕಿ" ಎಂದೆ.

ಗುರುವಾರ

ಜನರಲ್ ಮ್ಯಾನೇಜರರ ತೀರ್ಮಾನಕ್ಕೆ ಕಾಯುತ್ತ ಆರು ದಿನ ವಾಲ್ಟರ್ ಸರಿಯಾಗಿ ಊಟ ಮಾಡಲಿಲ್ಲ. ಜೆಸಿಂತಾ ಮಾಡಿದ ಸಿಗಡಿ ಸುಕ್ಕವನ್ನೂ ತಟ್ಟೆಯಲ್ಲಿ ತಿರುಗಿಸುತ್ತ ಕೂತಿದ್ದ. ನಾನು ಧೈರ್ಯ ಹೇಳುವ ಹಾಗಿರಲಿಲ್ಲ. ಬೆಂಕಿ ಇಟ್ಟವಳೇ ನೀರು ತಂದರೆ ಯಾರು ನಂಬುತ್ತಾರೆ? ಹಾಸಿಗೆಯಲ್ಲಿ ಹೊರಳಿ ಹೊರಳಿ, ಆ ಮಗುವಿನ ಟ್ರೈನು ನನ್ನಿಂದ ನಿಲ್ಲದೆ ಹೋಯಿತಲ್ಲ ಎಂದು ಒಬ್ಬಳೇ ಅತ್ತೆ.

ಗುರುವಾರ ಮಧ್ಯಾಹ್ನ ವಾಲ್ಟರ್ ಒಂದು ಲಕೋಟೆ ತಂದು ನನ್ನ ಮಡಿಲಲ್ಲಿ ಹಾಕಿದ. ತೆರೆದೆ. ಓದಿದೆ. ಅತಿಥಿಗಳಿಗಾಗಿ "ಅತ್ಯಂತ ಎಚ್ಚರಿಕೆಯಿಂದ ಯೋಜಿಸಿದ ಪಂದ್ಯಪೂರ್ವ ಮನರಂಜನೆ"ಯನ್ನು ಮೆಚ್ಚಿ, ವಾಲ್ಟರನನ್ನು ಸೂಪರ್‌ವೈಸರ್ ಮಾಡಿದ್ದರು. ಕೆಳಗೆ ಚಿಕ್ಕ ಅಕ್ಷರದಲ್ಲಿ ಎರಡು ಶಬ್ದ: ಫ್ಯಾಮಿಲಿ ಸ್ಟೇಟಸ್. ಯೋಜನೆ ಮಾಡಿದ್ದೆಲ್ಲ ಕೈಕೊಟ್ಟಿತ್ತು, ಮಾಡದೆ ಇದ್ದದ್ದಕ್ಕೆ ಪ್ರಮೋಶನ್ ಸಿಕ್ಕಿತು. ದೊಡ್ಡ ಹೋಟೆಲುಗಳು ನಡೆಯುವುದೇ ಹೀಗೆ ಎಂದು ಕಾಣುತ್ತದೆ.

ಊರಿಗೆ ಫೋನು ಹಚ್ಚಿದೆವು. ಲವೀನಾ "ನಿಜವಾ? ನಿಜವಾ?" ಎನ್ನುತ್ತ ಅಳುತ್ತಿದ್ದಳು. ವಾಲ್ಟರ್ ಫೋನನ್ನು ನನ್ನ ಕೈಗೆ ಕೊಟ್ಟ. ಅಷ್ಟರಲ್ಲಿ ಆಚೆಯಿಂದ ಶೆರಲ್ ಕಸಿದುಕೊಂಡಳು.

"ಆಂಟಿ, ಡಿಡ್ ಪಪ್ಪಾಸ್ ಟ್ರೈನ್ ಸ್ಟಾಪ್?"

"ನಿಂತಿತು ಮಗಾ" ಎಂದೆ. "ಇಳಿಯುತ್ತಾ ಇದ್ದಾನೆ."

ಮತ್ತೆ ವಿಮಾನ ನಿಲ್ದಾಣ

ಲವೀನಾ, ಶೆರಲ್ ಬರುವುದು ಕಾಗದಪತ್ರ ಮುಗಿದ ಮೇಲೆ, ಮಳೆಗಾಲದ ಹೊತ್ತಿಗೆ. ನನ್ನ ವೀಸಾ ಅದಕ್ಕೂ ಮೊದಲೇ ಮುಗಿಯಿತು. ವಾಲ್ಟರ್ ದುಬೈ ತನಕ ಕಳಿಸಲು ಬಂದ. ಹಾದಿಯುದ್ದಕ್ಕೂ ಎರಡು ಕೋಣೆಯ ಮನೆ ಎಲ್ಲಿ ಸಿಗುತ್ತದೆ, ಕನ್ನಡದ ಮಕ್ಕಳಿರುವ ಶಾಲೆ ಯಾವುದು, ಒಂದು ಸಣ್ಣ ಮಂಚ, ನೆಲದ ಮೇಲೆ ನಿಲ್ಲುವಂಥದ್ದು ಕೊಳ್ಳಬೇಕು, ಇದೇ ಮಾತು.

ದೊಡ್ಡ ಸಾಮಾನಿನ ಕೌಂಟರಿನಲ್ಲಿ ಒಬ್ಬ ಹುಬ್ಬು ಗಂಟಿಕ್ಕಿ ನನ್ನ ಸ್ಟಿಕ್ಕನ್ನು ತಿರುಗಿಸಿದ. ಚೀಟಿ ಬರೆಯಲು ಪೆನ್ನು ಹಿಡಿದ.

"ಐಸ್ ಹಾಕಿಯೋ, ಫೀಲ್ಡ್ ಹಾಕಿಯೋ?"

ವಾಲ್ಟರ್ ಹೆದರಿ ನನ್ನ ತೋಳು ಹಿಡಿದ. "ಬಾಯ್, ಹೇಳಿಬಿಡು ಮಾರಾಯ್ತಿ. ಫ್ಲೈಟಿಗೆ ಹೊತ್ತಾಯಿತು."

ಮೊನ್ನೆ ಹಾಲಿನಲ್ಲಿ ಆ 'ಫೀಲ್ಡ್' ಎಂಬ ಪದ ಒಪ್ಪಿಕೊಂಡದ್ದು ತಮ್ಮನ ಮಂಚಕ್ಕಾಗಿ. ಮಂಚ ಕೆಳಗೆ ಇಳಿಯಿತು. ಇನ್ನು ನನಗೆ ಯಾರ ಹಂಗು?

"ಹಾಕಿ" ಎಂದೆ. "ಬರ್ಕೋ."